ಎಂಎಸ್‌ಸಿ ಸ್ಟ್ಯಾಟಿಸ್ಟಿಕ್ಸ್‌ಗೆ ಟ್ಯೂಟರ್ ಬೇಕೆ? ಫೀಸ್ ಕೊಡುವ ಮುನ್ನ ಈ ಒಂದು ಪ್ರಶ್ನೆ ಕೇಳಿ ನೋಡಿ

ಬಿಎಸ್‌ಸಿಯಲ್ಲಿ ಡಿಸ್ಟಿಂಕ್ಷನ್. ಎಂಎಸ್‌ಸಿ ಸ್ಟ್ಯಾಟಿಸ್ಟಿಕ್ಸ್ ಸೇರಿದ ಮೊದಲ ಇಂಟರ್ನಲ್ ಟೆಸ್ಟ್‌ನಲ್ಲೇ 20ಕ್ಕೆ 6 ಅಂಕ. ಊರು ಬಿಟ್ಟು ಪುಣೆಗೋ ಹೈದರಾಬಾದಿಗೋ ಓದಲು ಹೋದ ಮಗ ಅಥವಾ ಮಗಳು ಫೋನ್ ಮಾಡಿ 'ನನ್ನಿಂದ ಆಗಲ್ಲ' ಎನ್ನುತ್ತಾರೆ. ಮನೆಯವರಿಗೆ ತಕ್ಷಣ ಹೊಳೆಯುವುದು ಒಂದೇ ದಾರಿ: ಟ್ಯೂಷನ್ ಹಾಕಿಸೋಣ.

ಆದರೆ ಹತ್ತನೇ ತರಗತಿಯ ಗಣಿತಕ್ಕೆ ಬೀದಿಗೊಬ್ಬ ಟ್ಯೂಟರ್ ಸಿಕ್ಕಂತೆ ಸ್ನಾತಕೋತ್ತರ ಸಂಖ್ಯಾಶಾಸ್ತ್ರಕ್ಕೆ ಸಿಗುವುದಿಲ್ಲ. ಸಿಕ್ಕವರಲ್ಲೂ ಸೂತ್ರ ಬರೆಸುವವರೇ ಹೆಚ್ಚು, ಆ ಸೂತ್ರ ಯಾಕೆ ಹಾಗಿದೆ ಎಂದು ಹೇಳುವವರು ಕಡಿಮೆ. ತಪ್ಪು ಆಯ್ಕೆಯಿಂದ ಹಣವಷ್ಟೇ ಅಲ್ಲ, ಒಂದು ಸೆಮಿಸ್ಟರ್ ಕೂಡ ಹೋಗುತ್ತದೆ. ಹಾಗಾದರೆ ಸರಿಯಾದವರನ್ನು ಗುರುತಿಸುವುದು ಹೇಗೆ? ಇಲ್ಲಿದೆ ವಿವರ.

ಮೊದಲು ತೊಂದರೆ ಎಲ್ಲಿದೆ ನೋಡಿ

'ಸ್ಟ್ಯಾಟಿಸ್ಟಿಕ್ಸ್ ಅರ್ಥವಾಗುತ್ತಿಲ್ಲ' ಎನ್ನುವ ಅನೇಕರಿಗೆ ನಿಜವಾಗಿ ತೊಡಕಾಗಿರುವುದು ಸ್ಟ್ಯಾಟಿಸ್ಟಿಕ್ಸ್ ಅಲ್ಲ, ಅದರ ಕೆಳಗಿರುವ ಗಣಿತ. ರಿಗ್ರೆಷನ್ ಪಾಠ ಮ್ಯಾಟ್ರಿಕ್ಸ್ ರೂಪಕ್ಕೆ ತಿರುಗಿದ ದಿನದಿಂದ ತಲೆ ಕೆಟ್ಟಿದ್ದರೆ ಕೊರತೆ ಇರುವುದು ಲೀನಿಯರ್ ಆಲ್ಜೀಬ್ರಾದಲ್ಲಿ. ಪ್ರಾಬಬಿಲಿಟಿಯಲ್ಲಿ 'ಕನ್ವರ್ಜೆನ್ಸ್' ಎಂಬ ಪದ ಬಂದಾಗಲೆಲ್ಲ ಕೈ ನಿಂತರೆ ಕೊರತೆ ರಿಯಲ್ ಅನಾಲಿಸಿಸ್‌ನಲ್ಲಿ. ಇಂಥವರಿಗೆ ಬೇಕಾಗಿರುವುದು ಗಣಿತದ ಟ್ಯೂಟರ್. ಅವರು ಸಿಗುವುದೂ ಸುಲಭ.

ಇದನ್ನು ಪರೀಕ್ಷಿಸಲು ಸರಳ ಉಪಾಯವಿದೆ. ಐಐಟಿಗಳು ನಡೆಸುವ 'ಜಾಮ್' ಪ್ರವೇಶ ಪರೀಕ್ಷೆಯ ಮ್ಯಾಥಮೆಟಿಕಲ್ ಸ್ಟ್ಯಾಟಿಸ್ಟಿಕ್ಸ್ ಪತ್ರಿಕೆ ತೆಗೆದುಕೊಳ್ಳಿ. ಇದರಲ್ಲಿ 3 ಗಂಟೆಗೆ 60 ಪ್ರಶ್ನೆ, 100 ಅಂಕ. ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ, ಇನ್ಫರೆನ್ಸ್ ಎಲ್ಲವೂ ಬರುತ್ತವೆ. ಪುಸ್ತಕ ಮುಟ್ಟದೆ ಬಿಡಿಸಿ, ತಪ್ಪಾದ ಪ್ರಶ್ನೆಗಳನ್ನು ವಿಷಯವಾರು ಗುಂಪು ಮಾಡಿ. ಯಾವ ಗುಂಪು ದೊಡ್ಡದೋ ಅದೇ ನಿಮ್ಮ ತೊಂದರೆ. ಈ ಹಾಳೆಯನ್ನು ಜೋಪಾನವಾಗಿಡಿ. ಟ್ಯೂಟರ್ ಜೊತೆಗಿನ ಮೊದಲ ಭೇಟಿಯಲ್ಲಿ ಅವರ ಕೈಗೆ ಕೊಡಬೇಕಾದದ್ದು ಇದನ್ನೇ.

ಎಲ್ಲಿ ಹುಡುಕಬೇಕು?

ಟ್ಯೂಷನ್ ಆ್ಯಪ್ ತೆರೆಯುವ ಮುನ್ನ ನಿಮ್ಮದೇ ವಿಭಾಗದಲ್ಲಿ ವಿಚಾರಿಸಿ. ಪ್ರಾಧ್ಯಾಪಕರನ್ನು ಕೇಳಲು ಸಂಕೋಚಪಟ್ಟು ಹೊರಗೆ ಹಣ ಕೊಡುವವರು ಬಹಳ ಜನ. ಪ್ರಶ್ನೆ ನಿರ್ದಿಷ್ಟವಾಗಿದ್ದರೆ ಹೆಚ್ಚಿನ ಮೇಷ್ಟ್ರುಗಳು ಹದಿನೈದು ನಿಮಿಷ ಕೊಡುತ್ತಾರೆ. 'ಸರ್, ಈ ಅಧ್ಯಾಯ ಅರ್ಥವಾಗಲಿಲ್ಲ' ಎನ್ನಬೇಡಿ. 'ಈ ಪ್ರೂಫ್‌ನ ಮೂರನೇ ಸಾಲಿನಿಂದ ನಾಲ್ಕನೇ ಸಾಲು ಹೇಗೆ ಬಂತು' ಎಂದು ಕೇಳಿ.

ಎರಡನೆಯ ಆಯ್ಕೆ, ಅದೇ ಊರಿನ ಪಿಎಚ್‌ಡಿ ವಿದ್ಯಾರ್ಥಿಗಳು. ಮುಂಬೈ, ಸಾವಿತ್ರಿಬಾಯಿ ಫುಲೆ ಪುಣೆ, ಮದ್ರಾಸ್, ಉಸ್ಮಾನಿಯಾ ಮತ್ತು ದೆಹಲಿ ವಿಶ್ವವಿದ್ಯಾಲಯಗಳಲ್ಲಿ ಸ್ಟ್ಯಾಟಿಸ್ಟಿಕ್ಸ್ ವಿಭಾಗಗಳಿವೆ. ಅದೇ ಸಿಲೆಬಸ್ ಓದಿ ಎರಡು-ಮೂರು ವರ್ಷ ಕಳೆದವರಿಗೆ ಎಲ್ಲಿ ಎಡವುತ್ತೇವೆ ಎಂಬುದು ಇನ್ನೂ ನೆನಪಿರುತ್ತದೆ. ಆದರೆ ಫೆಲೋಶಿಪ್ ಪಡೆಯುವವರಿಗೆ ಹೊರಗೆ ಹಣಕ್ಕೆ ಪಾಠ ಮಾಡಲು ನಿಯಮಗಳು ಅಡ್ಡಿಯಾಗಬಹುದು. ಅದನ್ನು ಮೊದಲೇ ಕೇಳಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಮೂರನೆಯದು ನಿವೃತ್ತ ಪ್ರಾಧ್ಯಾಪಕರು. ಆನ್‌ಲೈನ್ ಪಾಠ ರೂಢಿಯಾದ ಮೇಲೆ ದೂರ ಒಂದು ಸಮಸ್ಯೆಯೇ ಅಲ್ಲ. ದೆಹಲಿಯಲ್ಲಿ ಓದುವ ಕನ್ನಡಿಗ ವಿದ್ಯಾರ್ಥಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೋ ಮೈಸೂರಿನಲ್ಲೋ ಸ್ಟ್ಯಾಟಿಸ್ಟಿಕ್ಸ್ ಕಲಿಸಿ ನಿವೃತ್ತರಾದವರನ್ನು ಹುಡುಕಿಕೊಳ್ಳಬಹುದು. ಪರೀಕ್ಷೆಯಲ್ಲಿ ಇಂಗ್ಲಿಷ್‌ನಲ್ಲೇ ಬರೆಯಬೇಕು ನಿಜ. ಆದರೆ ತಲೆಗೆ ಹತ್ತದ ವಿಷಯವನ್ನು ಒಮ್ಮೆ ಕನ್ನಡದಲ್ಲಿ ಕೇಳಿಸಿಕೊಂಡರೆ ಗಂಟು ಬಿಚ್ಚುವುದುಂಟು.

ಇವೆಲ್ಲಕ್ಕೂ ಮೊದಲು ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಪ್ರಾಬಬಿಲಿಟಿ, ಇನ್ಫರೆನ್ಸ್, ರಿಗ್ರೆಷನ್ ಪಾಠಗಳನ್ನು ಉಚಿತವಾಗಿ ನೋಡಿ. ವಿಡಿಯೋ ಪಾಠ ಹೇಳುತ್ತದೆ, ನಿಮ್ಮ ಉತ್ತರದಲ್ಲಿ ಎಲ್ಲಿ ತಪ್ಪಿದೆ ಎಂದು ಹೇಳುವುದಿಲ್ಲ. ಟ್ಯೂಟರ್‌ಗೆ ಹಣ ಕೊಡಬೇಕಾಗಿರುವುದು ಆ ಎರಡನೆಯ ಕೆಲಸಕ್ಕೆ ಮಾತ್ರ.

ಡೆಮೊ ಕ್ಲಾಸ್‌ನಲ್ಲಿ ಕೇಳಬೇಕಾದ ಪ್ರಶ್ನೆ

ಇನ್ಫರೆನ್ಸ್ ಓದುವ ಎಲ್ಲರಿಗೂ 'ಕ್ರೇಮರ್-ರಾವ್ ಲೋವರ್ ಬೌಂಡ್' ಗೊತ್ತು. ಇದರಲ್ಲಿನ ರಾವ್ ಅಂದರೆ ಸಿ.ಆರ್. ರಾವ್. 1920ರಲ್ಲಿ ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ ಹುಟ್ಟಿದವರು, 2023ರಲ್ಲಿ ನಿಧನರಾದರು. 1945ರಲ್ಲಿ, ಇನ್ನೂ 25ರ ಹರೆಯದಲ್ಲಿ, ಅವರು ಪ್ರಕಟಿಸಿದ ಈ ಫಲಿತಾಂಶದ ಸಾರ ಇಷ್ಟು: ಪಕ್ಷಪಾತವಿಲ್ಲದ ಯಾವ ಅಂದಾಜೂ ಒಂದು ಮಿತಿಗಿಂತ ಹೆಚ್ಚು ನಿಖರವಾಗಿರಲಾರದು.

ಈಗ ಒಂದು ಲೆಕ್ಕ. ನಿಮ್ಮ ಸ್ಟಾಪಿಗೆ ಬಸ್ ಒಂದೇ ಅಂತರದಲ್ಲಿ ಬರುತ್ತದೆ, ಆದರೆ ಆ ಅಂತರ ಎಷ್ಟು ನಿಮಿಷ ಎಂದು ನಿಮಗೆ ಗೊತ್ತಿಲ್ಲ. ಅದನ್ನು ಥೀಟಾ ಎನ್ನೋಣ. ಯಾವುದೋ ಹೊತ್ತಿಗೆ ಹೋಗಿ ನಿಂತರೆ ಕಾಯುವ ಸಮಯ ಸೊನ್ನೆಯಿಂದ ಥೀಟಾವರೆಗೆ ಎಷ್ಟಾದರೂ ಆಗಬಹುದು. 10 ದಿನ ಕಾದ ಸಮಯ ಬರೆದಿಟ್ಟಿದ್ದೀರಿ, ಅದರಲ್ಲಿ ಅತಿ ಹೆಚ್ಚು 18 ನಿಮಿಷ. ಅದನ್ನು 11/10ರಿಂದ ಗುಣಿಸಿದರೆ 19.8 ನಿಮಿಷ. ಇದು ಥೀಟಾದ ಪಕ್ಷಪಾತವಿಲ್ಲದ ಅಂದಾಜು.

ಕ್ರೇಮರ್-ರಾವ್ ಸೂತ್ರವನ್ನು ಕಣ್ಣುಮುಚ್ಚಿ ಹಾಕಿದರೆ ವೇರಿಯನ್ಸ್ 'ಥೀಟಾ ವರ್ಗ ಭಾಗಿಸು 10'ಕ್ಕಿಂತ ಕಡಿಮೆ ಇರಬಾರದು. ಆದರೆ ಈ ಅಂದಾಜಿನ ನಿಜವಾದ ವೇರಿಯನ್ಸ್ 'ಥೀಟಾ ವರ್ಗ ಭಾಗಿಸು 120'. ಮಿತಿಗಿಂತ 12 ಪಟ್ಟು ಕಡಿಮೆ! ರಾವ್ ಅವರ ಪ್ರಮೇಯವೇ ಸುಳ್ಳಾಯಿತೆ?

ಟ್ಯೂಟರ್‌ಗೆ ಇದನ್ನೇ ಕೇಳಿ. ಪ್ರಮೇಯ ಸುಳ್ಳಲ್ಲ, ಅದು ಇಲ್ಲಿ ಅನ್ವಯಿಸುವುದೇ ಇಲ್ಲ ಎಂಬುದು ಸರಿಯಾದ ಉತ್ತರ. ಕಾಯುವ ಸಮಯದ ಮೇಲಿನ ಗಡಿಯೇ ಥೀಟಾ ಆಗಿರುವುದರಿಂದ, ಥೀಟಾ ಬದಲಾದರೆ ಗಡಿಯೂ ಸರಿಯುತ್ತದೆ. ಆಗ ಇಂಟಿಗ್ರಲ್‌ನ ಒಳಗೆ ಡಿಫರೆನ್ಷಿಯೇಟ್ ಮಾಡುವ ಹಂತ ಮುರಿದುಬೀಳುತ್ತದೆ. ಪ್ರಮೇಯದ ಪ್ರೂಫ್ ನಿಂತಿರುವುದು ಆ ಹಂತದ ಮೇಲೆ.

ಇದು ಪಠ್ಯದಲ್ಲೇ ಇರುವ ಹಳೆಯ ಪ್ರಶ್ನೆ. ಹಾಗಾಗಿ ಉತ್ತರ ಗೊತ್ತಿದೆಯೇ ಎಂಬುದಕ್ಕಿಂತ ಅದನ್ನು ಹೇಗೆ ಹೇಳುತ್ತಾರೆ ಎಂಬುದನ್ನು ಗಮನಿಸಿ. 'ಅದು ಎಕ್ಸೆಪ್ಷನ್, ಬಾಯಿಪಾಠ ಮಾಡು' ಎಂದರೆ ನಮಸ್ಕಾರ ಹೇಳಿ ಬನ್ನಿ. ಹಾಳೆ ತೆಗೆದು ಗ್ರಾಫ್ ಬರೆದು, 'ಗಡಿ ಇಲ್ಲಿಂದ ಇಲ್ಲಿಗೆ ಸರಿದರೆ ಏನಾಗುತ್ತೆ, ನೀನೇ ಹೇಳು' ಎಂದು ಪೆನ್ನು ನಿಮ್ಮ ಕೈಗೆ ಕೊಟ್ಟರೆ ಅಲ್ಲೇ ನಿಲ್ಲಿ. 'ನನಗೆ ಈಗ ನೆನಪಾಗುತ್ತಿಲ್ಲ, ನಾಳೆ ನೋಡಿ ಹೇಳುತ್ತೇನೆ' ಎಂದು ಹೇಳಿ, ನಾಳೆ ನಿಜವಾಗಿಯೂ ಹೇಳುವವರೂ ಒಳ್ಳೆಯ ಟ್ಯೂಟರೇ.

ಥೀಸಿಸ್ ಬರೆಯುವವರ ಕಥೆ ಬೇರೆ

ವೈದ್ಯಕೀಯ, ಕೃಷಿ, ಮನಃಶಾಸ್ತ್ರ, ಮ್ಯಾನೇಜ್‌ಮೆಂಟ್ ವಿಷಯಗಳಲ್ಲಿ ಎಂಡಿ, ಪಿಎಚ್‌ಡಿ ಮಾಡುವವರಿಗೂ ಸ್ಟ್ಯಾಟಿಸ್ಟಿಕ್ಸ್ ಸಹಾಯ ಬೇಕಾಗುತ್ತದೆ. ಇವರು ಸಾಮಾನ್ಯವಾಗಿ ಟ್ಯೂಟರ್‌ನನ್ನು ಹುಡುಕುವುದು ಡೇಟಾ ಎಲ್ಲ ಕೂಡಿಹಾಕಿದ ಮೇಲೆ. ಅದು ತೀರಾ ತಡ. 1938ರಲ್ಲಿ ಕೋಲ್ಕತ್ತಾದಲ್ಲಿ ನಡೆದ ಮೊದಲ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಕಾಂಗ್ರೆಸ್‌ನಲ್ಲಿ ರೊನಾಲ್ಡ್ ಫಿಷರ್ ಇದನ್ನು ಪೋಸ್ಟ್‌ಮಾರ್ಟಂಗೆ ಹೋಲಿಸಿದ್ದರು. ಪ್ರಯೋಗ ಮುಗಿದ ಮೇಲೆ ಬಂದವರು ಅದು ಯಾಕೆ ಸತ್ತಿತು ಎಂದಷ್ಟೇ ಹೇಳಬಲ್ಲರು. ಎಷ್ಟು ಜನರ ಮಾಹಿತಿ ಬೇಕು, ಯಾವ ಟೆಸ್ಟ್ ಮಾಡಬೇಕು ಎಂಬುದನ್ನು ಸಿನಾಪ್ಸಿಸ್ ಬರೆಯುವಾಗಲೇ ಕೇಳಿ.

ಇಲ್ಲಿ ಪರೀಕ್ಷಾ ಪ್ರಶ್ನೆ ಇನ್ನೂ ಸುಲಭ: 'ಪಿ-ವ್ಯಾಲ್ಯೂ 0.03 ಅಂದರೆ ಏನು?' 'ನಲ್ ಹೈಪಾಥಿಸಿಸ್ ನಿಜವಾಗಿರುವ ಸಾಧ್ಯತೆ ಶೇ. 3' ಎಂದರೆ ಅದು ತಪ್ಪು. ನಲ್ ಹೈಪಾಥಿಸಿಸ್ ನಿಜ ಎಂದುಕೊಂಡರೆ, ಇಂಥ ಅಥವಾ ಇದಕ್ಕಿಂತ ಅತಿರೇಕದ ಫಲಿತಾಂಶ ಬರುವ ಸಾಧ್ಯತೆ ಶೇ. 3 ಎಂಬುದು ಸರಿ. ಇದರಲ್ಲಿ ಎಡವಿದವರ ಕೈಗೆ ನಿಮ್ಮ ಮೂರು ವರ್ಷದ ಶ್ರಮ ಕೊಡಬೇಡಿ. ಯಾರಿಗೇ ಡೇಟಾ ಕಳಿಸುವುದಿದ್ದರೂ ರೋಗಿಗಳ ಹೆಸರು, ಫೋನ್ ನಂಬರ್ ತೆಗೆದು ಕಳಿಸಿ.

'ನಾನೇ ಮಾಡಿಕೊಡ್ತೀನಿ' ಎನ್ನುವವರು

ಅಸೈನ್‌ಮೆಂಟ್‌ಗೆ ಇಷ್ಟು, ಥೀಸಿಸ್ ಅಧ್ಯಾಯಕ್ಕೆ ಇಷ್ಟು ಎಂದು ದರ ಹೇಳುವವರೂ 'ಟ್ಯೂಟರ್' ಹೆಸರಿನಲ್ಲೇ ಸಿಗುತ್ತಾರೆ. ಬೇರೆಯವರ ಕೆಲಸವನ್ನು ತನ್ನದೆಂದು ಒಪ್ಪಿಸುವುದನ್ನೇ ಯುಜಿಸಿಯ 2018ರ ನಿಯಮಾವಳಿ ಕೃತಿಚೌರ್ಯ ಎನ್ನುತ್ತದೆ. ಥೀಸಿಸ್‌ನಲ್ಲಿ ನಕಲಿನ ಪ್ರಮಾಣ ಶೇ. 60 ಮೀರಿದರೆ ನೋಂದಣಿಯೇ ರದ್ದಾಗಬಹುದು. ಸಿಕ್ಕಿಬೀಳದಿದ್ದರೂ ವೈವಾದಲ್ಲಿ 'ಈ ಮಾಡೆಲ್ ಯಾಕೆ ಆರಿಸಿದಿರಿ?' ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ನೀವೇ.

ಹಣದ ಮಾತು

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಪೂರ್ತಿ ಫೀಸ್ ಕಟ್ಟಿದವರು ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದಲ್ಲಿ ಹಿಂದಿರುಗಿಸಬೇಕು ಎಂದು ಅದು ಹೇಳುತ್ತದೆ. ಆದರೆ ಅದರ ವ್ಯಾಪ್ತಿಗೆ ಬರುವುದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳು. ಒಬ್ಬರೇ ಕೂತು ಪಾಠ ಹೇಳುವ ಟ್ಯೂಟರ್‌ಗೆ ಇದು ಅನ್ವಯಿಸದು.

ಹಾಗಾಗಿ ಇಡೀ ಸೆಮಿಸ್ಟರ್‌ನ ಹಣ ಮುಂಗಡ ಕೊಡಬೇಡಿ. ಮೊದಲಿಗೆ ನಾಲ್ಕು ತರಗತಿಗೆ ಮಾತಾಡಿ, ಯುಪಿಐ ಮೂಲಕವೇ ಕೊಟ್ಟು ದಾಖಲೆ ಇಟ್ಟುಕೊಳ್ಳಿ. ತರಗತಿ ರದ್ದಾದರೆ ಏನು, ರೆಕಾರ್ಡಿಂಗ್ ಸಿಗುತ್ತದೆಯೇ ಎಂಬುದನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಹಣ ಪಡೆದು ಪಾಠ ಮಾಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಒಬ್ಬರಿಗೆ ಫೀಸ್ ಹೊರೆಯಾದರೆ ಒಂದೇ ಕಡೆ ಸಿಲುಕಿರುವ ಮೂವರು ಸೇರಿಕೊಳ್ಳಿ. ಖರ್ಚು ಹಂಚಿಹೋಗುತ್ತದೆ, ಒಬ್ಬರ ಪ್ರಶ್ನೆ ಇನ್ನೊಬ್ಬರಿಗೂ ಉಪಯೋಗವಾಗುತ್ತದೆ.

ನಾಲ್ಕು ತರಗತಿ ಮುಗಿದ ಮೇಲೆ ಮೊದಲು ತಪ್ಪಾಗಿದ್ದ ಪ್ರಶ್ನೆಗಳ ಹಾಳೆಯನ್ನು ಮತ್ತೆ ತೆಗೆಯಿರಿ. ಅವುಗಳಲ್ಲಿ ಕೆಲವನ್ನಾದರೂ ಟ್ಯೂಟರ್ ಪಕ್ಕದಲ್ಲಿಲ್ಲದೆ, ನೀವೊಬ್ಬರೇ ಬಿಡಿಸಲು ಸಾಧ್ಯವಾದರೆ ಮುಂದುವರಿಯಿರಿ. ಒಂದೂ ಆಗದಿದ್ದರೆ ಟ್ಯೂಟರ್ ಎಷ್ಟೇ ಒಳ್ಳೆಯವರಾಗಿದ್ದರೂ ನಿಮಗೆ ಹೊಂದುತ್ತಿಲ್ಲ ಎಂದರ್ಥ. ಸೆಮಿಸ್ಟರ್ ಇನ್ನೂ ಬಾಕಿ ಇರುವಾಗಲೇ ಬದಲಾಯಿಸಿ.