ದೊಡ್ಡ ಗೇಮಿಂಗ್ ಲ್ಯಾಪ್‌ಟಾಪಿನ ಗುಣದೋಷ ವಿಚಾರ

ಪದಾರ್ಥವನ್ನು ಕೊಳ್ಳುವ ಮೊದಲು ಅದರ ಬೆಲೆಯನ್ನು ಕೇಳುವದು ಗೃಹಸ್ಥರ ವಾಡಿಕೆ. ಗುಣದೋಷಗಳನ್ನು ಕೇಳುವದು ವಿವೇಕ. ಈಚೆಗೆ ಕಲಬುರಗಿಯ ಅನೇಕ ಮನೆಗಳಲ್ಲಿ, ಅದರಲ್ಲಿಯೂ ಮಕ್ಕಳು ಇಂಜಿನಿಯರಿಂಗ್ ವ್ಯಾಸಂಗಕ್ಕೆ ಸೇರುವ ಹೊತ್ತಿನಲ್ಲಿ, ಒಂದು ಮಾತು ತಪ್ಪದೆ ಕೇಳಬರುತ್ತಿರುವದು. ಸಾಧಾರಣ ಲ್ಯಾಪ್‌ಟಾಪು ಸಾಲದು, ಗೇಮಿಂಗ್ ಲ್ಯಾಪ್‌ಟಾಪೇ ಬೇಕು, ಅದೂ ದೊಡ್ಡದೇ ಆಗಬೇಕು, ಎಂದು ಮಕ್ಕಳು ಹಟ ಹಿಡಿಯುವರು. ಆಟದ ಯಂತ್ರಕ್ಕೆ ಇಷ್ಟು ಹಣವೇ, ಎಂದು ಹಿರಿಯರು ಹುಬ್ಬು ಗಂಟಿಕ್ಕುವರು. ದೊಡ್ಡ ಪರದೆಯ ಇಂತಹ ಯಂತ್ರಗಳ ಬೆಲೆ ಸಾಮಾನ್ಯವಾಗಿ ಒಂದು ಲಕ್ಷ ರೂಪಾಯಿಯನ್ನು ಮೀರುವದು. ಮೇಲ್ತರಗತಿಯವು ಅದರ ಎರಡು ಮೂರು ಪಟ್ಟಾಗುವವು. ತೊಗರಿಯ ಬೆಳೆಯನ್ನು ನಂಬಿದ ಸಂಸಾರಕ್ಕೆ ಇದು ಸಣ್ಣ ಮೊತ್ತವಲ್ಲ. ಆದಕಾರಣ ಈ ವಿಷಯವನ್ನು ವಾಚಕರ ಮುಂದೆ ಸಾವಕಾಶವಾಗಿ ಬಿಚ್ಚಿಡಬೇಕೆಂದು ಬಗೆದಿರುವೆವು. ನಾವು ಸಂಸ್ಕೃತವನ್ನು ಕಲಿಸಿ ನಿವೃತ್ತರಾದವರು, ಯಂತ್ರಶಾಸ್ತ್ರದ ಪಂಡಿತರಲ್ಲ. ಆದರೆ ನಮ್ಮ ತಂಗಿಯ ಮಗನು ಇಂತಹ ಯಂತ್ರವೊಂದನ್ನು ನಮ್ಮ ಮನೆಯಲ್ಲಿಯೇ ಎರಡು ಬೇಸಿಗೆಗಳ ಕಾಲ ದುಡಿಸಿರುವನು. ಕಣ್ಣಾರೆ ಕಂಡದ್ದನ್ನೂ ತಿಳಿದವರಿಂದ ಕೇಳಿದ್ದನ್ನೂ ಕೂಡಿಸಿ ಬರೆಯುತ್ತಿರುವೆವು.

ಮೊದಲು ವಸ್ತುಸ್ವರೂಪ. ಎಲ್ಲ ಲ್ಯಾಪ್‌ಟಾಪುಗಳಲ್ಲಿಯೂ ಲೆಕ್ಕ ಮಾಡುವ ಪ್ರಧಾನ ಚಿಪ್ಪೊಂದು ಇರುವದು. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಇದರ ಜೊತೆಗೆ ಚಿತ್ರಗಳನ್ನು ರಚಿಸುವದಕ್ಕಾಗಿಯೇ ಗ್ರಾಫಿಕ್ಸ್ ಚಿಪ್ಪೆಂಬ ಎರಡನೆಯದು ಇರುವದು. ಅದಕ್ಕೆ ಸ್ವಂತ ಸ್ಮೃತಿಯೂ ಉಂಟು. ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲದಲ್ಲಿ ಮಾಡುವದು ಅದರ ವಿಶೇಷ. ಆಟದ ಕುದುರೆಯನ್ನು ಓಡಿಸುವ ಆ ಲೆಕ್ಕವೇ ಕಟ್ಟಡದ ನಕ್ಷೆಯನ್ನು ಮೂರು ಆಯಾಮಗಳಲ್ಲಿ ತಿರುಗಿಸಿ ತೋರಿಸುವದಕ್ಕೂ, ಚಲಚ್ಚಿತ್ರವನ್ನು ಜೋಡಿಸುವದಕ್ಕೂ, ಕೃತಕ ಬುದ್ಧಿಮತ್ತೆಯ ಪಾಠಗಳಿಗೂ ಬರುವದು. ಆದುದರಿಂದ ಓದಿಗಾಗಿಯೇ ಬೇಕೆಂಬ ಮಕ್ಕಳ ಮಾತನ್ನು ಬರಿಯ ನೆಪವೆಂದು ತಳ್ಳಿಹಾಕುವಂತಿಲ್ಲ. ಆದರೆ ಮೊದಲ ವರ್ಷದ ಪಾಠಗಳಿಗೂ, ಸಾಮಾನ್ಯ ಪ್ರೋಗ್ರಾಮು ಬರೆಯುವದಕ್ಕೂ, ಟಿಪ್ಪಣಿ ಮಾಡುವದಕ್ಕೂ ಈ ಎರಡನೆಯ ಚಿಪ್ಪು ಬೇಕಿಲ್ಲವೆಂಬದನ್ನು ಮರೆಯಬಾರದು.

ಇನ್ನು ವಿಚಾರಕ್ರಮ. ನಮ್ಮ ಜಿಲ್ಲೆಯ ಮಳಖೇಡವು ರಾಜಧಾನಿಯಾಗಿದ್ದ 9ನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದಕ್ಕೆ ದೋಷಾದೋಷಾನುವರ್ಣನ ನಿರ್ಣಯವೆಂದು ಹೆಸರು. ಕಾವ್ಯದ ಅಲಂಕಾರಗಳಿಗಿಂತ ಮೊದಲು ದೋಷದ ವಿಚಾರ. ಅಂಗಡಿಕಾರನು ಗುಣಗಳನ್ನು ಹೇಳಲು ಸಿದ್ಧನಾಗಿಯೇ ನಿಂತಿರುವದರಿಂದ, ನಾವೂ ಇದೇ ಕ್ರಮವನ್ನು ಹಿಡಿದು ದೋಷಗಳಿಂದ ಆರಂಭಿಸುವೆವು.

ಪ್ರಥಮ ದೋಷವು ತಾಪ. ಇದು ನಮ್ಮ ಊರಿಗೆ ವಿಶೇಷವಾಗಿ ಸಲ್ಲತಕ್ಕ ಮಾತು. ಭಾರಿ ಕೆಲಸದಲ್ಲಿ ತೊಡಗಿದ ಚಿಪ್ಪುಗಳು ಒಲೆಯಂತೆ ಕಾಯುವವು. ಯಂತ್ರದೊಳಗಿನ ಪಂಖಾಗಳು ಕೋಣೆಯ ಗಾಳಿಯನ್ನೇ ಎಳೆದು ಆ ಕಾವನ್ನು ಹೊರಗೆ ನೂಕುವವು. ಕೋಣೆಯ ಗಾಳಿ ಎಷ್ಟು ಬಿಸಿಯೋ ಅದಕ್ಕಿಂತ ತಣ್ಣಗೆ ಮಾಡುವ ಶಕ್ತಿ ಪಂಖಾಕ್ಕೆ ಇಲ್ಲ. 25 ಡಿಗ್ರಿಯ ಕೋಣೆಯಲ್ಲಿ 85 ಡಿಗ್ರಿಗೆ ನಿಲ್ಲುವ ಚಿಪ್ಪು, 42 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ 100ರ ಗಡಿಯನ್ನು ಮುಟ್ಟುವದು. ಆಗ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುವದು. ಅನೇಕ ತಯಾರಕರು ತಮ್ಮ ಕೈಪಿಡಿಗಳಲ್ಲಿ, ಯಂತ್ರವನ್ನು 35 ಡಿಗ್ರಿಯನ್ನು ಮೀರದ ಹವೆಯಲ್ಲಿ ಬಳಸಬೇಕೆಂದು ಬರೆದಿರುವರು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಹೊರಗಿನ ಬಿಸಿಲು 42, 43 ಡಿಗ್ರಿಗೆ ಏರುವದು ನಮಗೆ ಹೊಸದಲ್ಲ. ಮಧ್ಯಾಹ್ನದ ಕೋಣೆಯೂ ಆ 35ರ ಗೆರೆಯೊಳಗೆ ನಿಲ್ಲುವದಿಲ್ಲ. ನಮ್ಮ ಮನೆಯಲ್ಲಿ ಹುಡುಗನು ಚೈತ್ರ ವೈಶಾಖಗಳಲ್ಲಿ ಭಾರಿ ಕೆಲಸವನ್ನೆಲ್ಲ ಬೆಳಗಿನ ಜಾವಕ್ಕೆ ಸರಿಸಿಕೊಂಡನು. ಅದು ಅವನ ಆರೋಗ್ಯಕ್ಕೂ ಒಳ್ಳೆಯದಾಯಿತು. ಆದರೆ ಹಣ ತೆತ್ತ ವೇಗವು ಮಧ್ಯಾಹ್ನದಲ್ಲಿ ದೊರೆಯಲಿಲ್ಲವೆಂಬದಂತೂ ನಿಜ.

ತಾಪಕ್ಕೆ ಧೂಳು ಸಹೋದರ. ಬೇಸಿಗೆಯಲ್ಲಿ ಕರಿನೆಲದ ಹುಡಿಯೂ ರಸ್ತೆಯ ಧೂಳೂ ಯಾವ ಕಿಟಕಿಯನ್ನೂ ಬಿಡುವದಿಲ್ಲ. ಗಾಳಿಯನ್ನು ರಭಸದಿಂದ ಎಳೆಯುವ ಯಂತ್ರವು ಧೂಳನ್ನೂ ಎಳೆಯುವದು. ಅದು ಒಳಗಿನ ಲೋಹದ ಸಣ್ಣ ಜಾಲರಿಗಳಲ್ಲಿ ಕಂಬಳಿಯಂತೆ ಕೂಡುವದು. ವರ್ಷಕ್ಕೆ ಒಂದೆರಡು ಸಲವಾದರೂ ಬಲ್ಲವರಿಂದ ಬಿಚ್ಚಿಸಿ ಶುಚಿ ಮಾಡಿಸುವದು ಅವಶ್ಯ. ಲ್ಯಾಪ್ ಎಂದರೆ ಮಡಿಲು. ಆದರೆ ಈ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡರೆ ತೊಡೆ ಸುಡುವದು. ಬಹುಕಾಲ ಹಾಗೆ ಇಟ್ಟುಕೊಂಡವರ ತೊಡೆಯ ಚರ್ಮವು ಕಂದಿ ಬಲೆಯಂತೆ ಕಲೆಬಿದ್ದ ಪ್ರಸಂಗಗಳನ್ನು ವೈದ್ಯರು ದಾಖಲಿಸಿರುವರು. ಹಾಸಿಗೆಯ ಮೇಲಿಟ್ಟರೆ ಗಾಳಿಯ ದಾರಿ ಮುಚ್ಚುವದು. ಗಟ್ಟಿ ಮೇಜೇ ಇದಕ್ಕೆ ತಕ್ಕ ಪೀಠ.

ಎರಡನೆಯ ದೋಷವು ಭಾರ. ಏಸಸ್ ಸಂಸ್ಥೆಯು 2023ರಲ್ಲಿ ಹೊರತಂದ ಸ್ಟ್ರಿಕ್ಸ್ ಸ್ಕಾರ್ 18 ಎಂಬುದರ ಪರದೆ 18 ಇಂಚು, ತೂಕ ಸುಮಾರು 3.1 ಕಿಲೋ. ಎಂಎಸ್‌ಐ ಸಂಸ್ಥೆಯ 2024ರ ಟೈಟನ್ 18 ಸುಮಾರು 3.6 ಕಿಲೋ ತೂಗುವದು. ಇದಕ್ಕೆ, ಚಾರ್ಜರ್ ಎಂದು ನಾವು ಕರೆಯುವ ಇಟ್ಟಿಗೆಯಂತಹ ಪೆಟ್ಟಿಗೆಯ ಸುಮಾರು ಒಂದು ಕಿಲೋವನ್ನು ಕೂಡಿಸಬೇಕು. ದೊಡ್ಡದರ ಮೋಹವು ಎಲ್ಲಿಯವರೆಗೆ ಹೋಗಬಲ್ಲದೆಂಬದಕ್ಕೆ 2017ರಲ್ಲಿ ಏಸರ್ ಸಂಸ್ಥೆಯು ಮಾರಿದ ಪ್ರಿಡೇಟರ್ 21 ಎಕ್ಸ್ ನಿದರ್ಶನ: 21 ಇಂಚಿನ ಬಾಗಿದ ಪರದೆ, ಎರಡು ಚಾರ್ಜರುಗಳು, ಎಂಟು ಕಿಲೋಗೂ ಮಿಕ್ಕ ತೂಕ. ಅದನ್ನು ಲ್ಯಾಪ್‌ಟಾಪೆಂದು ಕರೆದದ್ದು ರೂಢಿಯ ಬಲದಿಂದಲೇ ಹೊರತು ಅರ್ಥದ ಬಲದಿಂದಲ್ಲ.

ಮೂರನೆಯದು ವಿದ್ಯುತ್ತಿನ ವಿಷಯ. ಮೇಲೆ ಹೇಳಿದ ಸ್ಕಾರ್ ಯಂತ್ರದ ಚಾರ್ಜರು 330 ವಾಟ್‌ಗಳದು, ಬ್ಯಾಟರಿ 90 ವಾಟ್-ಅವರ್. ಅಂದರೆ ಬ್ಯಾಟರಿಯಿಂದ 90 ವಾಟ್‌ನಂತೆ ಎಳೆದರೆ ಒಂದೇ ಗಂಟೆಗೆ ಅದು ಬರಿದಾಗುವದು. ವಿಮಾನಗಳಲ್ಲಿ 100 ವಾಟ್-ಅವರ್ ಮೀರಿದ ಬ್ಯಾಟರಿಗೆ ಪ್ರತ್ಯೇಕ ಅನುಮತಿ ಬೇಕಾಗುವದರಿಂದ ತಯಾರಕರು ಆ ಗಡಿಯೊಳಗೇ ನಿಲ್ಲುವರು. ಯಂತ್ರವು ಎಷ್ಟು ದೊಡ್ಡದಾದರೂ ಬ್ಯಾಟರಿ ಅದಕ್ಕೆ ತಕ್ಕಂತೆ ಬೆಳೆಯದು. ಮೇಲಾಗಿ ಬ್ಯಾಟರಿಯ ಮೇಲೆ ನಡೆಯುವಾಗ ಯಂತ್ರವು ಪೂರ್ಣ ವೇಗವನ್ನು ಕೊಡಲಾರದು. ಕರೆಂಟು ಹೋದರೆ ಮಾಡಿದ ಕೆಲಸವು ನಷ್ಟವಾಗದೆ ಉಳಿಯುವದು ಲಾಭವೇ. ಆದರೆ ಆಟವಾಗಲಿ ಭಾರಿ ಲೆಕ್ಕವಾಗಲಿ ಹೆಚ್ಚು ಹೊತ್ತು ಮುಂದುವರಿಯುವದಿಲ್ಲ.

ಮನೆಯ ಲೆಕ್ಕವನ್ನೂ ನೋಡೋಣ. 300 ವಾಟ್‌ನಂತೆ ದಿನಕ್ಕೆ ನಾಲ್ಕು ಗಂಟೆ ನಡೆಸಿದರೆ 1.2 ಯೂನಿಟ್; ತಿಂಗಳಿಗೆ 36. ಗೃಹಜ್ಯೋತಿ ಯೋಜನೆಯ ಚಾಲನೆಯು 2023ರ ಆಗಸ್ಟ್ 5ರಂದು ನಮ್ಮ ಕಲಬುರಗಿಯಲ್ಲಿಯೇ ನಡೆಯಿತು. ಅದರಲ್ಲಿ ಪ್ರತಿಯೊಂದು ಮನೆಯ ಉಚಿತ ಮಿತಿಯು ಆ ಮನೆಯ ಹಿಂದಿನ ಸರಾಸರಿ ಬಳಕೆಯನ್ನು ಅನುಸರಿಸಿ ಗೊತ್ತಾಗಿರುವದು. ಮಿತಿಯನ್ನು ಮೀರಿದ ಯೂನಿಟ್‌ಗಳಿಗೆ ಹಣ ತೆರಬೇಕು. 200 ಯೂನಿಟ್ ದಾಟಿದರೆ ಬಿಲ್ಲಿನ ಪೂರ್ತಿ ಹಣ ತೆರಬೇಕು. ಸಣ್ಣ ಸಂಸಾರಕ್ಕೆ ಈ 36 ಯೂನಿಟ್ ಆ ಗೆರೆಯನ್ನು ದಾಟಿಸಬಲ್ಲದು. ತಾಪದ ಕಾರಣದಿಂದ ಎಸಿಯನ್ನೂ ಹಾಕಿಸಿದರೆ ಜೆಸ್ಕಾಂ ಬಿಲ್ಲು ಮತ್ತೂ ಬೆಳೆಯುವದೆಂದು ಬೇರೆ ಹೇಳಬೇಕಾಗಿಲ್ಲ. ಪೂರ್ಣ ವೇಗದಲ್ಲಿ ಪಂಖಾಗಳ ಸದ್ದು ಮುಂದಿನ ಕೋಣೆಯಲ್ಲಿ ಮಲಗಿದವರಿಗೂ ಕೇಳುವದೆಂಬದನ್ನು ಇದರ ಜೊತೆಗೇ ಸೇರಿಸುವೆವು.

ಇಷ್ಟು ದೋಷಗಳನ್ನು ಓದಿ ವಾಚಕರು ಯಂತ್ರದ ಮೇಲೆ ಮುನಿಯಬಾರದು. ಇದರ ಗುಣಗಳೂ ಅಲ್ಪವಲ್ಲ. ದೇಹವು ದೊಡ್ಡದಿರುವದರಿಂದಲೇ ಒಳಗೆ ದೊಡ್ಡ ಪಂಖಾಗಳೂ ಅಗಲವಾದ ಲೋಹದ ಜಾಲರಿಗಳೂ ಹಿಡಿಸುವವು. ಅದೇ ಚಿಪ್ಪು ತೆಳು ಯಂತ್ರದಲ್ಲಿ ಬೇಗನೆ ಬಸವಳಿದರೆ ಇಲ್ಲಿ ಹೆಚ್ಚು ಹೊತ್ತು ದುಡಿಯುವದು. ನಕ್ಷೆ ಬರೆಯುವವರಿಗೆ 18 ಇಂಚಿನ ಪರದೆಯು ಕಣ್ಣಿಗೆ ಹಿತ. ಅಂಕಿಗಳ ಪ್ರತ್ಯೇಕ ಕೀಲಿಗಳು ಲೆಕ್ಕದವರಿಗೆ ಅನುಕೂಲ. ಪರದೆಯು ಸೆಕೆಂಡಿಗೆ 240 ಸಲ ಚಿತ್ರವನ್ನು ಹೊಸದಾಗಿ ತೋರಬಲ್ಲದಾದ್ದರಿಂದ ಚಲನೆಯು ನೀರು ಹರಿದಂತೆ ಕಾಣುವದು. ಎಲ್ಲಕ್ಕೂ ಮಿಗಿಲಾದ ಗುಣವೆಂದರೆ ರಿಪೇರಿ: ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಅನೇಕ ವೇಳೆ ಬೆಸುಗೆ ಹಾಕಿಬಿಟ್ಟಿರುವರು, ದೊಡ್ಡವುಗಳಲ್ಲಿ ಅದನ್ನು ಸಾಮಾನ್ಯವಾಗಿ ಬಿಚ್ಚಿ ಹೆಚ್ಚಿಸಬಹುದು, ಎರಡನೆಯ ಡಿಸ್ಕಿಗೂ ಸ್ಥಳವಿರುವದು. ಇಂದು 16 ಜಿಬಿಯಿಂದ ಕೊಂಡು, ಎರಡು ವರ್ಷದ ಮೇಲೆ 32ಕ್ಕೆ ಏರಿಸುವವನು ಯಂತ್ರದ ಆಯುಷ್ಯವನ್ನು ಹೆಚ್ಚಿಸಿಕೊಂಡಂತೆ.

ಇಲ್ಲಿ ಕೊಳ್ಳುವವರಿಗೆ ಮುಖ್ಯವಾದ ಒಂದು ಎಚ್ಚರಿಕೆ. ನಾಮವೊಂದಾದ ಮಾತ್ರಕ್ಕೆ ವಸ್ತುವೊಂದಾಗದು. ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ 4090 ಎಂಬ ಚಿಪ್ಪು ಮೇಜಿನ ಕಂಪ್ಯೂಟರಿನಲ್ಲಿ 450 ವಾಟ್‌ಗಳನ್ನೂ 24 ಜಿಬಿ ಸ್ಮೃತಿಯನ್ನೂ ಉಳ್ಳದ್ದು. ಅದೇ ಹೆಸರಿನದು ಲ್ಯಾಪ್‌ಟಾಪಿನಲ್ಲಿ ಗರಿಷ್ಠ 175 ವಾಟ್‌ಗಳನ್ನೂ 16 ಜಿಬಿಯನ್ನೂ ಉಳ್ಳದ್ದು. ಲ್ಯಾಪ್‌ಟಾಪುಗಳೊಳಗೂ ಭೇದವುಂಟು: ಆರ್‌ಟಿಎಕ್ಸ್ 4060 ಎಂಬುದಕ್ಕೆ ತಯಾರಕರು 35ರಿಂದ 115 ವಾಟ್‌ವರೆಗೆ ತಮ್ಮ ಯಂತ್ರಕ್ಕೆ ತಕ್ಕಷ್ಟು ವಿದ್ಯುತ್ತನ್ನು ಗೊತ್ತುಮಾಡಬಹುದು. ಎರಡು ಪೆಟ್ಟಿಗೆಗಳ ಮೇಲೆ ಒಂದೇ ಹೆಸರಿದ್ದು, ಒಂದು ಇನ್ನೊಂದಕ್ಕಿಂತ ಬಹಳ ನಿಧಾನವಾಗಿರಬಹುದು. ಆದಕಾರಣ ಹೆಸರನ್ನು ಕೇಳಿ ಸುಮ್ಮನಾಗದೆ, ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವಾಟ್, ಎಷ್ಟು ಜಿಬಿ ಎಂದು ಕೇಳಬೇಕು.

ಹಾಗಾದರೆ ಇದನ್ನು ಯಾರು ಕೊಳ್ಳಬೇಕು? ನಮ್ಮ ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳುವ ಪದ್ಧತಿಯಿರುವದು. ಗ್ರಂಥವು ಎಷ್ಟು ಶ್ರೇಷ್ಠವಾದರೂ ಅಧಿಕಾರಿಯಲ್ಲದವನಿಗೆ ಅದು ನಿಷ್ಫಲ. ಯಂತ್ರಕ್ಕೂ ಇದೇ ನ್ಯಾಯ. ಕಳೆದ ವರ್ಷ ಕಮಲಾಪುರದ ಕಡೆಯ ರೈತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಅವರ ಮಗಳಿಗೆ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಸೀಟು ದೊರೆತಿತ್ತು; ದಿನವೂ ಬಸ್ಸಿನಲ್ಲಿ ಹೋಗಿ ಬರುವ ಏರ್ಪಾಡು. ಅವಳು ದೊಡ್ಡ ಗೇಮಿಂಗ್ ಲ್ಯಾಪ್‌ಟಾಪನ್ನೇ ಕೇಳಿದ್ದಳು. “ಗುರುಗಳೇ, ಎತ್ತು ಕೊಳ್ಳುವಾಗ ನಾವು ಹಲ್ಲು ನೋಡತೀವಿ. ಇದಕ್ಕ ಏನು ನೋಡಬೇಕು?” ಎಂದು ಅವರು ಕೇಳಿದರು. ಪ್ರಶ್ನೆಯು ನಮಗೆ ಬಹಳ ಮೆಚ್ಚಿಕೆಯಾಯಿತು.

ಕಮಲಾಪುರದಿಂದ ಕಲಬುರಗಿಗೆ ಸುಮಾರು 35 ಕಿಲೋಮೀಟರು. ಬೆಳಗಿನ ಬಸ್ಸುಗಳಲ್ಲಿ ನಿಲ್ಲಲು ಸ್ಥಳ ಸಿಕ್ಕರೆ ಪುಣ್ಯ. ನಾವು ಮಗಳನ್ನು ಉದ್ದೇಶಿಸಿ, “ತಂಗೀ, ನಾಲ್ಕು ಕಿಲೋ ತೊಗರಿಬೇಳೆಯನ್ನು ಪುಸ್ತಕಗಳ ಜೊತೆಗೆ ಚೀಲದಲ್ಲಿ ಹಾಕಿಕೊಂಡು ಒಂದು ವಾರ ಕಾಲೇಜಿಗೆ ಹೋಗಿ ಬಾ, ಆಮೇಲೆ ನೀನೇ ತೀರ್ಮಾನ ಹೇಳು” ಎಂದೆವು. ಅವಳು ನಕ್ಕಳು, ಆದರೆ ಹಾಗೆಯೇ ಮಾಡಿದಳು. ನಾಲ್ಕನೆಯ ದಿನ ಫೋನಿನಲ್ಲಿ, “ಸರ್, ಬ್ಯಾಳಿ ಮನ್ಯಾಗ ಇಟ್ಟೀನಿ” ಎಂದಳು. ಎರಡು ಕಿಲೋಗಿಂತ ಕಡಿಮೆ ತೂಕದ, ರ‍್ಯಾಮನ್ನು ಹೆಚ್ಚಿಸಬಹುದಾದ ಸಾಧಾರಣ ಲ್ಯಾಪ್‌ಟಾಪೊಂದನ್ನು ತಂದೆ ಮಗಳು ಕೂಡಿ ಕೊಂಡರು. ಅವಳಿಗೆ ಆಸಕ್ತಿಯಿರುವ ಕೃತಕ ಬುದ್ಧಿಮತ್ತೆಯ ಅಭ್ಯಾಸಕ್ಕೆ ಗೂಗಲ್ ಕೊಲ್ಯಾಬ್ ಎಂಬ ಸೌಕರ್ಯವಿರುವದು. ದೂರದಲ್ಲಿರುವ ಗ್ರಾಫಿಕ್ಸ್ ಚಿಪ್ಪನ್ನು ಇಂಟರ್‌ನೆಟ್ಟಿನ ಮೂಲಕ ಮಿತಿಯೊಳಗೆ ಉಚಿತವಾಗಿ ಬಳಸಬಹುದು. ಉಳಿದ ಹಣವು ಮುಂದಿನ ವರ್ಷದ ಶುಲ್ಕಕ್ಕೆ ಮೀಸಲಾಯಿತು.

ಎಲ್ಲರಿಗೂ ಇದೇ ತೀರ್ಮಾನವಲ್ಲ. ಹಾಸ್ಟೆಲಿನಲ್ಲಿದ್ದು ವರ್ಷಕ್ಕೆ ಎರಡು ಮೂರು ಸಲ ಮಾತ್ರ ಊರಿಗೆ ಬರುವ, ನಕ್ಷೆ ಚಿತ್ರಗಳ ಭಾರಿ ಕೆಲಸವುಳ್ಳ ವಿದ್ಯಾರ್ಥಿಗೆ ದೊಡ್ಡ ಗೇಮಿಂಗ್ ಲ್ಯಾಪ್‌ಟಾಪು ತಕ್ಕ ಯಂತ್ರವೇ ಸರಿ. ಮೇಜಿನ ಕಂಪ್ಯೂಟರನ್ನು ಅವನು ಕಟ್ಟಿಕೊಂಡು ತಿರುಗಲಾರನು. ಮನೆಯಲ್ಲಿಯೇ ಕುಳಿತು ಕೆಲಸ ಮಾಡುವವರಿಗೆ ಅಷ್ಟೇ ಹಣದಲ್ಲಿ ಮೇಜಿನ ಕಂಪ್ಯೂಟರು ಹೆಚ್ಚು ಶಕ್ತಿಯನ್ನು ಕೊಡುವದು. ಕೆಟ್ಟ ಭಾಗವನ್ನಷ್ಟೇ ಬದಲಾಯಿಸಬಹುದು, ಕರೆಂಟು ಹೋಗುವದಕ್ಕೆ ಒಂದು ಯುಪಿಎಸ್ ಸಾಕು. ದಿನವೂ ಹೊತ್ತು ತಿರುಗುವವರಿಗೆ ದೊಡ್ಡದು ಬೇಡವೇ ಬೇಡ.

ಕೊಂಡವರಿಗೆ ನಾಲ್ಕು ಮಾತು. ಗಟ್ಟಿ ಮೇಜಿನ ಮೇಲೆ, ಹಿಂಭಾಗವನ್ನು ಎರಡು ಬೆರಳಷ್ಟು ಎತ್ತಿ ಇಡಿರಿ. ಸದಾ ಕರೆಂಟಿಗೆ ಹಚ್ಚಿಟ್ಟು ಬಳಸುವದಾದರೆ ಬ್ಯಾಟರಿಯು 80 ಪ್ರತಿಶತಕ್ಕೆ ನಿಲ್ಲುವಂತೆ ಯಂತ್ರದಲ್ಲಿಯೇ ಗೊತ್ತುಮಾಡಿರಿ. ಪೂರ್ಣ ತುಂಬಿದ ಬ್ಯಾಟರಿ ಕಾವಿನಲ್ಲಿ ಬೇಗ ಮುಪ್ಪಾಗುವದು. ಬೇಸಿಗೆಗೆ ಮುಂಚೆ, ಫೆಬ್ರುವರಿಯಲ್ಲಿ, ಧೂಳು ತೆಗೆಸಿರಿ. ಕೊಳ್ಳುವ ಮೊದಲೇ, ರಿಪೇರಿಯು ನಮ್ಮ ಊರಿನಲ್ಲಿಯೇ ಆಗುವದೋ ಹೈದರಾಬಾದಿಗೆ ಇಲ್ಲವೆ ಬೆಂಗಳೂರಿಗೆ ಕಳುಹಬೇಕಾಗುವದೋ ಎಂಬದನ್ನು ಅಂಗಡಿಯಲ್ಲಿ ಬರೆಯಿಸಿಕೊಳ್ಳಿರಿ. ಈ ವರ್ಷ ಮಕ್ಕಳನ್ನು ಕಾಲೇಜಿಗೆ ಸೇರಿಸುವ ತಂದೆತಾಯಿಗಳು ಇದನ್ನು ಮಕ್ಕಳ ಕೈಯಲ್ಲಿಯೇ ಓದಿಸಿ, ಅವರನ್ನೂ ಕೂಡಿಸಿಕೊಂಡು ತೀರ್ಮಾನಿಸಬೇಕೆಂದು ನಮ್ಮ ಬಿನ್ನಹ.