‘ರನ್’: ಅರ್ಥಬಾಹುಳ್ಯದ ಎರಡು ಮೂಲಗಳು

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದಕ್ಕೆ 645 ಅರ್ಥಗಳನ್ನು ಗುರುತಿಸಿರುವುದು 2011ರಲ್ಲಿ ವರದಿಯಾಯಿತು. ಇದನ್ನು ಇಂಗ್ಲಿಷಿನ ಸಂಪತ್ತಿನ ಅಳತೆಯೆಂದು ಭಾವಿಸುವುದುಂಟು. ಕನ್ನಡದೊಡನೆ ಹೋಲಿಸಿದಾಗ ಈ ಬಾಹುಳ್ಯಕ್ಕೆ ಎರಡು ಭಿನ್ನ ಮೂಲಗಳಿರುವುದು ಸ್ಪಷ್ಟವಾಗುತ್ತದೆ.

ಮೊದಲನೆಯದು ವ್ಯಾಕರಣ. ಯಂತ್ರ ತಾನಾಗಿ ಚಲಿಸುವುದಕ್ಕೂ ಅದನ್ನು ಒಬ್ಬರು ಚಲಾಯಿಸುವುದಕ್ಕೂ ಇಂಗ್ಲಿಷಿನಲ್ಲಿ ‘ರನ್’ ಎಂಬ ಒಂದೇ ರೂಪ. ಕನ್ನಡವಾದರೋ ‘ಇಸು’ ಪ್ರತ್ಯಯದಿಂದ ಓಡು-ಓಡಿಸು, ನಡೆ-ನಡೆಸು ಎಂದು ಇವನ್ನು ಬೇರ್ಪಡಿಸುತ್ತದೆ.

ಎರಡನೆಯದು ಸಹಪ್ರಯೋಗ. ಕುದುರೆ ಓಡುತ್ತದೆ, ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಒಗೆದ ಬಟ್ಟೆ ಬಣ್ಣ ಬಿಡುತ್ತದೆ. ಇಂಗ್ಲಿಷಿಗೆ ಇವೆಲ್ಲವೂ ‘ರನ್’. ಅಮೆರಿಕದಲ್ಲಿ ಚುನಾವಣೆಗೆ ‘ರನ್’ ಮಾಡುವ ಅಭ್ಯರ್ಥಿ ಕನ್ನಡದಲ್ಲಿ ಚುನಾವಣೆಗೆ ‘ನಿಲ್ಲುತ್ತಾನೆ’. ಓಟಕ್ಕೆ ನಿಲುವು ಸಮಾನಪದವಾಗುವ ಈ ನಿದರ್ಶನವು ಅರ್ಥವು ಪದವೊಂದರಲ್ಲೇ ಇಲ್ಲ, ಅದರ ಒಡನಾಡಿ ಪದಗಳಲ್ಲಿಯೂ ಇದೆ ಎಂಬುದನ್ನು ಮನಗಾಣಿಸುತ್ತದೆ. ನಮ್ಮ ‘ಹೊಡೆ’ ಧಾತುವೂ ಹೀಗೆಯೇ: ಸುಣ್ಣ ಹೊಡೆ, ಹರಟೆ ಹೊಡೆ, ಗಾಡಿ ಹೊಡೆ, ನಿದ್ದೆ ಹೊಡೆ.

ಆದ್ದರಿಂದ ಇಂಗ್ಲಿಷ್-ಕನ್ನಡ ನಿಘಂಟು ‘ಓಡು, ಹರಿ, ನಡೆಸು, ನಿಲ್ಲು’ ಎಂದು ಪರ್ಯಾಯಗಳನ್ನು ಪೋಣಿಸಿದರೆ ಸಾಲದು. ಪ್ರತಿಯೊಂದು ಅರ್ಥದೊಡನೆ ಅದನ್ನು ನಿರ್ಣಯಿಸುವ ಕರ್ತೃಪದವನ್ನೋ ಕರ್ಮಪದವನ್ನೋ ನಮೂದಿಸಬೇಕು. ಇಲ್ಲವಾದರೆ ಆಯ್ಕೆಯ ಹೊರೆಯೆಲ್ಲ ಕನ್ನಡವನ್ನು ಈಗಷ್ಟೇ ಕಲಿಯುತ್ತಿರುವವನ ಮೇಲೆ ಬೀಳುತ್ತದೆ.