ಬೆಳುವಾಯಿಯಲ್ಲಿ ಬಲೆಯಿಲ್ಲದ ಚಿಟ್ಟೆತೋಟ

ಮೂಡುಬಿದಿರೆಯಿಂದ ಕಾರ್ಕಳದ ಕಡೆ ಹೊರಟರೆ ದಾರಿಯಲ್ಲೇ ಬೆಳುವಾಯಿ. ಇಲ್ಲಿನ ‘ಸಮ್ಮಿಲನ್ ಶೆಟ್ಟೀಸ್ ಬಟರ್‌ಫ್ಲೈ ಪಾರ್ಕ್’ಗೆ ಮೊದಲ ಸಲ ಬಂದವರು ಗಾಜಿನ ಮನೆಯನ್ನೋ ಬಲೆಯ ಚಪ್ಪರವನ್ನೋ ಹುಡುಕುತ್ತಾರೆ. ಎರಡೂ ಇಲ್ಲ. 7.35 ಎಕರೆ ಹಸಿರು, ಮೇಲೆ ಬರೀ ಆಕಾಶ. ಚಿಟ್ಟೆಗಳು ತಾವಾಗಿ ಬರುತ್ತವೆ, ಬೇಕೆನಿಸಿದಾಗ ಹೋಗುತ್ತವೆ.

ಬನ್ನೇರುಘಟ್ಟದಲ್ಲಿ 2006ರಲ್ಲಿ ತೆರೆದ ಚಿಟ್ಟೆ ಉದ್ಯಾನದ ದಾರಿ ಬೇರೆ. ಅಲ್ಲಿ ಪಾಲಿಕಾರ್ಬೊನೇಟ್ ಗುಮ್ಮಟದೊಳಗೆ ಚಿಟ್ಟೆ ಸಾಕುತ್ತಾರೆ. ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ 2011ರಲ್ಲಿ ಕೆಲಸ ಶುರುಮಾಡಿದ್ದೇ ಗಿಡಗಳಿಂದ. 2013ರಲ್ಲಿ ತೋಟ ಜನರಿಗೆ ತೆರೆಯಿತು. ಸುಮಾರು 150 ಬಗೆಯ ಚಿಟ್ಟೆಗಳು ಇಲ್ಲಿ ದಾಖಲಾಗಿವೆ.

ಹೂವಿದ್ದರೆ ಚಿಟ್ಟೆ ಬರುತ್ತದೆ ಎಂದು ಬಹುತೇಕರ ನಂಬಿಕೆ. ಬರುತ್ತದೆ, ಮಕರಂದ ಹೀರಿ ಹೋಗುತ್ತದೆ. ಉಳಿಯಬೇಕಾದರೆ ಎಲೆ ಬೇಕು. ಹೆಣ್ಣು ಚಿಟ್ಟೆ ಮುಂಗಾಲಿನಿಂದ ಎಲೆಯ ರುಚಿ ನೋಡಿ, ತನ್ನ ಮರಿ ತಿನ್ನುವ ಗಿಡವೇ ಎಂದು ಖಾತ್ರಿಯಾದ ಮೇಲಷ್ಟೇ ಮೊಟ್ಟೆಯಿಡುತ್ತದೆ. ಪ್ಲೇನ್ ಟೈಗರ್‌ಗೆ ಎಕ್ಕ, ಕಾಮನ್ ಜೆಜೆಬೆಲ್‌ಗೆ ಮರದ ಮೇಲಿನ ಬಂದಳಿಕೆ. ರೈತರು ಕಿತ್ತೊಗೆಯುವ ಬಂದಳಿಕೆಯೂ ಯಾರದೋ ತೊಟ್ಟಿಲು!

ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಕಥೆ ಇನ್ನೂ ಬಿಗಿ. ರೆಕ್ಕೆ ಬಿಚ್ಚಿದರೆ 19 ಸೆಂಟಿಮೀಟರ್ ತನಕ ಅಗಲ. ನಾಡಧ್ವಜದ ಹಳದಿ, ಕೆಂಪು ಮೈಮೇಲೆ. ಇಷ್ಟು ದೊಡ್ಡ ಜೀವದ ಬದುಕು ನಿಂತಿರುವುದು ಈಶ್ವರ ಬಳ್ಳಿ ಮತ್ತು ಅದರ ಹತ್ತಿರದ ಸಂಬಂಧಿ ಗಿಡಗಳ ಮೇಲೆ. ಎಲೆಯಲ್ಲಿರುವ ವಿಷವನ್ನು ಕಂಬಳಿಹುಳು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಚಿಟ್ಟೆಯಾದ ಮೇಲೂ ಅದೇ ಅದಕ್ಕೆ ರಕ್ಷೆ. ಬೇಲಿ ಸವರುವಾಗ ಆ ಗಿಡಬಳ್ಳಿಗಳು ಹೋದರೆ ಹುಳಕ್ಕೆ ಬೇರೆ ಊಟವಿಲ್ಲ.

ಕೆಲವು ಜಾತಿಯ ಗಂಡು ಚಿಟ್ಟೆಗಳಿಗೆ ಎಲೆ, ಹೂವಿನ ಜೊತೆ ಇನ್ನೊಂದು ಅಗತ್ಯವಿದೆ. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಸದ್ದು ಮಾಡುವ ಗಿಡವನ್ನು ನೀಲಿ ಟೈಗರ್ ಚಿಟ್ಟೆಗಳು ಗುಂಪಾಗಿ ಮುತ್ತುತ್ತವೆ. ಹೆಣ್ಣನ್ನು ಸೆಳೆಯುವ ಪರಿಮಳಕ್ಕೆ ಬೇಕಾದ ಸಾಮಗ್ರಿ ಅದರ ರಸದಲ್ಲಿದೆ.

ಇದಕ್ಕೆಲ್ಲ ಏಳು ಎಕರೆಯೇ ಬೇಕೆಂದಿಲ್ಲ. ಮನೆಯ ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥ ಪುಟ್ಟ ಹುಳು ಕಂಡರೆ ಔಷಧಿ ಹೊಡೆಯಬೇಡಿ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿ ಇರಬಹುದು. ಕೆಲವು ದಿನ ತಿಂದು ಕೋಶ ಕಟ್ಟುತ್ತದೆ. ಕರಿಬೇವು ಮತ್ತೆ ಚಿಗುರುತ್ತದೆ.